ಬೆಂಗಳೂರಿನಲ್ಲಿ ಒಂದು ಸಂಜೆ: ಬಾಗಿಲು ಹಾಕುವ ಹೊತ್ತು ತಿಳಿದು ತಿನ್ನುವ ದಾರಿ

ಧಾರವಾಡದಿಂದ ನಮ್ಮ ಚಿಕ್ಕಪ್ಪನ ಮಗ ಕೆಲಸದ ಸಂದರ್ಶನಕ್ಕೆಂದು ಬೆಂಗಳೂರಿಗೆ ಬಂದಿದ್ದ. ಮೊದಲ ದಿನ ನನಗೆ ಆಫೀಸಿನಿಂದ ಬೇಗ ಹೊರಡಲಾಗಲಿಲ್ಲ. ತಾನೇ ಊರು ನೋಡುತ್ತೇನೆಂದು ಹೊರಟವನು ಐದು ಗಂಟೆಗೆ ಕೋರಮಂಗಲಕ್ಕೆ ಹೋದ. ಅಲ್ಲಿಂದ ಆಟೋ ಹಿಡಿದು ಬಸವನಗುಡಿ ಮುಟ್ಟುವಷ್ಟರಲ್ಲಿ ಎಂಟೂವರೆ. ಫೋನ್ ಮಾಡಿದ: "ಅಣ್ಣಾ, ದೋಸಿ ತಿನ್ನೂಣು ಅಂತ ಇಷ್ಟ ದೂರ ಬಂದ್ರ ಬಾಗಲಾ ಹಾಕ್ಯಾರಲ್ಲ. ಇಲ್ಲೆ ಎಂಟೂವರಿಗೇ ಊರು ಮಲಗ್ತದೇನು?"

ಊರು ಮಲಗಿರಲಿಲ್ಲ. ಅವನು ನಿಂತಿದ್ದ ಗಾಂಧಿ ಬಜಾರಿನಿಂದ ಕಾಲು ಗಂಟೆ ನಡೆದರೆ ವಿ.ವಿ. ಪುರಂ ತಿಂಡಿ ಬೀದಿ. ಆ ಹೊತ್ತಿಗೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಚರ್ಚ್ ಸ್ಟ್ರೀಟಿಗೆ ಆಗಷ್ಟೇ ಜನ ಸೇರುತ್ತಿರುತ್ತಾರೆ. ಅವನು ಎಲ್ಲ ಒಳ್ಳೆಯ ಜಾಗಗಳ ಹೆಸರನ್ನೂ ಬರೆದುಕೊಂಡಿದ್ದ, ಆದರೆ ಯಾವುದು ಯಾವಾಗ ಮುಚ್ಚುತ್ತದೆ ಎಂಬುದು ಆ ಪಟ್ಟಿಯಲ್ಲಿ ಇರಲಿಲ್ಲ. ಮರುದಿನ ನಾನೇ ಕರೆದುಕೊಂಡು ಹೋದೆ. ಆ ದಿನ ನಾವು ಹೋದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೊರಗಿನಿಂದ ಬಂದವರಿಗೆ ಕೈಯಲ್ಲಿರುವುದು ಒಂದೋ ಎರಡೋ ಸಂಜೆ. ಅದು ಟ್ರಾಫಿಕ್ಕಿನಲ್ಲಿ ಕಳೆದುಹೋಗಬಾರದು.

ಮೊದಲು ತಿಳಿಯಬೇಕಾದದ್ದು: ಈ ಊರಿಗೆ ಮೂರು ಗಡಿಯಾರ

ಬಸವನಗುಡಿ, ಶಂಕರಪುರಂ, ಮಲ್ಲೇಶ್ವರದ ಹಳೆಯ ಹೋಟೆಲುಗಳು ತಿಂಡಿಯ ಹೋಟೆಲುಗಳು. ಮಧ್ಯಾಹ್ನ ಒಂದಷ್ಟು ಹೊತ್ತು ಮುಚ್ಚಿ, ಸಂಜೆ ಮತ್ತೆ ತೆರೆದು, ಏಳರಿಂದ ಎಂಟೂವರೆಯೊಳಗೆ ಬಹುತೇಕ ಮುಗಿಸಿಬಿಡುತ್ತವೆ. ಎರಡನೆಯದು ಬೀದಿಯ ಗಡಿಯಾರ. ಚಾಟ್ ಗಾಡಿ, ತಿಂಡಿ ಬೀದಿ, ಬೇಕರಿಗಳಿಗೆ ಆರಕ್ಕೆ ಜೀವ ಬಂದು ಹತ್ತೂವರೆ, ಹನ್ನೊಂದರವರೆಗೆ ನಡೆಯುತ್ತದೆ. ಮೂರನೆಯದು ದಂಡು ಪ್ರದೇಶದ್ದು, ಅಂದರೆ ಎಂ.ಜಿ. ರಸ್ತೆ, ಚರ್ಚ್ ಸ್ಟ್ರೀಟ್, ಬ್ರಿಗೇಡ್ ರಸ್ತೆ, ಅದರಾಚೆಗೆ ಇಂದಿರಾನಗರ. 2024ರಲ್ಲಿ ಸರ್ಕಾರ ಹೊರಡಿಸಿದ ಆದೇಶದಂತೆ ನಗರದ ಬಾರು, ರೆಸ್ಟೋರೆಂಟುಗಳು ರಾತ್ರಿ ಒಂದು ಗಂಟೆಯವರೆಗೆ ತೆರೆದಿರಬಹುದು.

ಆದ್ದರಿಂದ ಸಂಜೆಯನ್ನು ದಕ್ಷಿಣದಿಂದ ಶುರು ಮಾಡಿ ದಂಡಿನಲ್ಲಿ ಮುಗಿಸಿ. ತಿರುಗಾಮುರುಗಾ ಮಾಡಿದರೆ ದೋಸೆಯೂ ತಪ್ಪುತ್ತದೆ, ಪಬ್ಬಿನಲ್ಲೂ ಖಾಲಿ ಮೇಜುಗಳ ನಡುವೆ ಕೂರಬೇಕಾಗುತ್ತದೆ.

ಇನ್ನೊಂದು ಮಾತು. ಬೇರೆ ಊರುಗಳಲ್ಲಿ ಸಂಜೆ ಎಂದರೆ ರಾತ್ರಿಯೂಟ. ಇಲ್ಲಿ ಸಂಜೆಗೆ ತನ್ನದೇ ಆದ ಒಂದು ಹೊತ್ತಿನ ತಿಂಡಿ ಉಂಟು. ಐದಕ್ಕೆ ದೋಸೆ, ಆರೂವರೆಗೆ ಕಾಫಿ, ಒಂಬತ್ತಕ್ಕೆ ಮನೆಗೆ ಹೋಗಿ ಅನ್ನ ಸಾರು. ಬಸವನಗುಡಿಯವರು ಹೀಗೆಯೇ ಬದುಕುತ್ತಾರೆ. ಬಂದವರೂ ಹಾಗೆಯೇ ತಿಂದರೆ ಊರು ತೆರೆದುಕೊಳ್ಳುತ್ತದೆ. ಮಧ್ಯಾಹ್ನದ ಊಟ ಹಗುರಾಗಿರಲಿ.

ದಿನ ಆರಿಸಿಕೊಳ್ಳುವುದು

ಮಂಗಳವಾರ, ಬುಧವಾರ, ಗುರುವಾರಗಳೇ ಲೇಸು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಲ್ಲರೂ ಕರೆಯುವ ಎಂ.ಟಿ.ಆರ್., ಸೋಮವಾರ ಮುಚ್ಚಿರುತ್ತದೆ. ಶಂಕರಪುರಂನ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ ರಜೆ. ಶುಕ್ರವಾರ ಸಂಜೆ ಇಡೀ ಊರೇ ರಸ್ತೆಗೆ ಬಂದಿರುತ್ತದೆ. ಅಂದು ಬೇರೆ ದಾರಿಯಿಲ್ಲದಿದ್ದರೆ ಒಂದೇ ಬಡಾವಣೆಯಲ್ಲಿ ಉಳಿದುಬಿಡಿ.

ಕಾಲವನ್ನೂ ನೋಡಿ. ಕಾರ್ತಿಕ ಮಾಸದ ಕಡೆಯ ಸೋಮವಾರ ಬಂದರೆ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಸುತ್ತ ಕಡಲೆಕಾಯಿ ಪರಿಷೆ. ಆ ಸಂಜೆ ಬೇರೆ ಯಾವ ಯೋಜನೆಯೂ ಬೇಡ, ರಸ್ತೆಯುದ್ದಕ್ಕೂ ರಾಶಿ ಹಾಕಿದ ಹಸಿ, ಹುರಿದ, ಬೇಯಿಸಿದ ಕಡಲೆಕಾಯಿಯ ನಡುವೆ ನಡೆಯುವುದೇ ಸಾಕು. ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿ ಕಾಲ. ರಂಜಾನ್ ತಿಂಗಳಾದರೆ ಶಿವಾಜಿನಗರಕ್ಕೆ ಒಂದು ಸಂಜೆ ಮೀಸಲಿಡಿ. ಇಫ್ತಾರ್ ಮುಗಿದ ಮೇಲೆ ಅಲ್ಲಿ ಹಲೀಮು, ಸಮೋಸ, ಕಬಾಬುಗಳ ಬಂಡಿಗಳು ತಡರಾತ್ರಿಯವರೆಗೂ ನಡೆಯುತ್ತವೆ. ಮೇ ತಿಂಗಳಲ್ಲೂ ಸೆಪ್ಟೆಂಬರ್, ಅಕ್ಟೋಬರಿನಲ್ಲೂ ಸಂಜೆ ಮಳೆ ಹೇಳದೆ ಬರುತ್ತದೆ. ಚೀಲದಲ್ಲಿ ಒಂದು ಕೊಡೆ ಇರಲಿ.

ಓಡಾಟ

ನಾನು ಹೇಳುವ ದಾರಿಗೆ ಮೆಟ್ರೋ ಸಾಕು. ಹಸಿರು ಮಾರ್ಗದಲ್ಲಿ ಲಾಲ್‌ಬಾಗ್, ಅದರ ಪಕ್ಕದ ನ್ಯಾಷನಲ್ ಕಾಲೇಜು ನಿಲ್ದಾಣ. ಮೆಜೆಸ್ಟಿಕ್ಕಿನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿಕೊಂಡರೆ ಎಂ.ಜಿ. ರಸ್ತೆ, ಇಂದಿರಾನಗರ. ಕೊನೆಯ ರೈಲು ಹನ್ನೊಂದರ ಸುಮಾರಿಗೆ ಹೊರಡುತ್ತದೆ. ಹತ್ತಿದ ನಿಲ್ದಾಣದಲ್ಲೇ ಆ ದಿನದ ಕೊನೆಯ ರೈಲಿನ ಹೊತ್ತನ್ನು ಕೇಳಿಟ್ಟುಕೊಳ್ಳಿ.

ಆಟೋದ ಲೆಕ್ಕ ಗೊತ್ತಿರಲಿ. 2025ರ ಆಗಸ್ಟ್ 1ರಿಂದ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18 ರೂಪಾಯಿ. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಂದೂವರೆ ಪಟ್ಟು. ಮೀಟರ್ ಹಾಕಲು ಎಲ್ಲರೂ ಒಪ್ಪುವುದಿಲ್ಲ, ಆದರೆ ದರ ಗೊತ್ತಿದ್ದರೆ ಚೌಕಾಸಿ ಎಲ್ಲಿ ನಿಲ್ಲಬೇಕೆಂಬುದು ತಿಳಿಯುತ್ತದೆ. ಕನ್ನಡದಲ್ಲಿ "ಬನ್ನಿ ಅಣ್ಣ, ಮೀಟರ್ ಮೇಲೆ ಇಪ್ಪತ್ತು ಕೊಡ್ತೀನಿ" ಅಂದರೆ ಹತ್ತರಲ್ಲಿ ಆರು ಮಂದಿ ಹತ್ತಿಸಿಕೊಳ್ಳುತ್ತಾರೆ ಎಂಬುದು ನನ್ನ ಅನುಭವ.

ಐದು ಗಂಟೆ: ಲಾಲ್‌ಬಾಗ್ ಬಂಡೆ

ಹಸಿವು ಹುಟ್ಟಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. 1760ರಲ್ಲಿ ಹೈದರಾಲಿ ಶುರು ಮಾಡಿಸಿದ ತೋಟ. ಒಳಗೆ ಹೋಗಿ ನೇರ ಬಂಡೆ ಹತ್ತಿ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು, ಅದರ ನೆತ್ತಿಯ ಮೇಲೆ ಕೆಂಪೇಗೌಡರ ಗಡಿ ಗೋಪುರ. ಒಂದು ಕಾಲಕ್ಕೆ ಊರಿನ ಎಲ್ಲೆ ಅಲ್ಲಿಗೆ ಬರಬಹುದೆಂದು ಗುರುತಿಟ್ಟ ಗೋಪುರದ ಸುತ್ತ ಈಗ ನಾಲ್ಕೂ ದಿಕ್ಕಿಗೆ ಕಟ್ಟಡ. ಬಿಸಿಲಿಗೆ ಕಾದ ಕಲ್ಲು ಸಂಜೆ ಕೂತಾಗ ಇನ್ನೂ ಬೆಚ್ಚಗಿರುತ್ತದೆ, ಮೇಲಿನ ಗಾಳಿ ಮಾತ್ರ ತಂಪು. ಹೊತ್ತು ಇಳಿಯುವುದನ್ನು ನೋಡಿ, ಗಾಜಿನ ಮನೆಯ ಮುಂದೆ ಹಾದು, ಪಶ್ಚಿಮದ ಗೇಟಿನಿಂದ ಹೊರಗೆ ಬನ್ನಿ. ಏಳಕ್ಕೆ ತೋಟ ಮುಚ್ಚುತ್ತದೆ, ಆರಕ್ಕೇ ಇಳಿಯಲು ಶುರು ಮಾಡಿದರೆ ದೋಸೆಗೆ ಹೊತ್ತು ಸಿಗುತ್ತದೆ.

ಆರೂವರೆ: ಗಾಂಧಿ ಬಜಾರು

ಪಶ್ಚಿಮದ ಗೇಟಿನಿಂದ ನ್ಯಾಷನಲ್ ಕಾಲೇಜು ವೃತ್ತ ದಾಟಿ ಇಪ್ಪತ್ತು, ಇಪ್ಪತ್ತೈದು ನಿಮಿಷ ನಡೆದರೆ ಗಾಂಧಿ ಬಜಾರು. ಆ ಹೊತ್ತಿಗೆ ಹೂವಿನವರು ದೀಪ ಹಚ್ಚಿಕೊಂಡು ಕೂತಿರುತ್ತಾರೆ. ಮಲ್ಲಿಗೆ, ಕನಕಾಂಬರ, ಮರುಗ. ಹೂವಮ್ಮ ಮೊಳ ಹಾಕುವುದನ್ನು ನೋಡಿ: ಮೊಣಕೈಯಿಂದ ಬೆರಳ ತುದಿಗೆ ಅಳೆದು, ಕೊನೆಗೆ ನಾಲ್ಕು ಬೆರಳು ಜಾಸ್ತಿ ಬಿಟ್ಟು ಕಡಿಯುತ್ತಾಳೆ. ಜೊತೆಯಲ್ಲಿ ಹೆಂಡತಿಯೋ ಅಮ್ಮನೋ ಇದ್ದರೆ ಒಂದು ಮೊಳ ಕೊಡಿಸಿ, ಆಮೇಲೆ ಮುಂದಿನ ನಾಲ್ಕು ಗಂಟೆ ಆ ಘಮ ನಿಮ್ಮ ಜೊತೆಗೇ ಬರುತ್ತದೆ.

ವಿದ್ಯಾರ್ಥಿ ಭವನ 1943ರಲ್ಲಿ ಸುತ್ತಲಿನ ಶಾಲೆ ಕಾಲೇಜಿನ ಹುಡುಗರಿಗೆಂದು ಶುರುವಾದದ್ದು, ಹೆಸರು ಅಲ್ಲಿಂದಲೇ. ಬಾಗಿಲಲ್ಲಿ ಹೆಸರು ಬರೆಸಿ ಕಾಯಬೇಕು. ವಾರದ ದಿನವಾದರೆ ಕಾಲು ಗಂಟೆ, ವಾರಾಂತ್ಯದಲ್ಲಿ ಮುಕ್ಕಾಲು ಗಂಟೆಯೂ ಆಗಬಹುದು. ಕರೆದಾಗ ಅಲ್ಲೇ ಇರಬೇಕು, ಹೂವು ನೋಡುತ್ತಾ ದೂರ ಹೋಗಬೇಡಿ. ಒಳಗೆ ಮೇಜು ನಿಮ್ಮೊಬ್ಬರದೇ ಅಲ್ಲ. ಎದುರಿಗೆ ಗುರುತಿಲ್ಲದವರು ಕೂರುತ್ತಾರೆ, ಹೆಚ್ಚಿನ ಸಲ ಮಾತೂ ಆಡಿಸುತ್ತಾರೆ. ಗೋಡೆಯ ಮೇಲೆ ನಾಡಿನ ಸಾಹಿತಿ, ಕಲಾವಿದರ ಪೆನ್ಸಿಲ್ ಚಿತ್ರಗಳು. ಪಂಚೆ ಉಟ್ಟ ಸಪ್ಲೈಯರ್ ಎಡಗೈ ಮೇಲೆ ಹತ್ತು ಹನ್ನೆರಡು ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಮೊಣಕೈಯವರೆಗೆ ಜೋಡಿಸಿಕೊಂಡು ಅಡಿಗೆಮನೆಯಿಂದ ಬರುತ್ತಾನೆ, ಒಂದೊಂದು ಮೇಜಿಗೂ ಇಳಿಸುತ್ತಾ ಹೋಗುತ್ತಾನೆ. ಅಷ್ಟು ಇಕ್ಕಟ್ಟಿನ ಜಾಗದಲ್ಲಿ ಆ ಕೈ ಒಂದಿಷ್ಟೂ ವಾಲುವುದಿಲ್ಲ.

ದೋಸೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಇದು ಕಾಗದದಂತೆ ತೆಳ್ಳಗಿನ ದೋಸೆಯಲ್ಲ. ಅಂಗೈ ಅಗಲಕ್ಕೆ ಸ್ವಲ್ಪ ಹೆಚ್ಚು, ದಪ್ಪ, ಹೊರಗೆ ಕೆಂಪಗೆ ಗರಿಗರಿ, ಮುರಿದರೆ ಒಳಗೆ ಹತ್ತಿಯಂತೆ ಮೆತ್ತಗೆ, ಬೆರಳಿಗೆ ತುಪ್ಪ ಅಂಟುತ್ತದೆ. ಜೊತೆಗೆ ಸಾಂಬಾರ್ ಇಲ್ಲ, ನೀರಾದ ಚಟ್ನಿಯನ್ನು ಪಾತ್ರೆಯಿಂದ ತಟ್ಟೆಗೇ ಸುರಿಯುತ್ತಾರೆ. ಅದು ದೋಸೆಯ ಅಡಿಗೆ ಹರಿಯುವ ಮೊದಲೇ ಗರಿಗರಿ ಅಂಚನ್ನು ಒಣಗಿದ್ದಂತೆಯೇ ಎರಡು ತುತ್ತು ತಿನ್ನಿ, ಆಮೇಲೆ ಚಟ್ನಿಗೆ ಅದ್ದಿ. ನನ್ನ ತಮ್ಮ ಎರಡನೆಯದಕ್ಕೆ ಕೈಯೆತ್ತಿದ, ನಾನು ತಡೆದೆ. ಮುಂದೆ ಇನ್ನೂ ನಾಲ್ಕು ನಿಲುಗಡೆ ಇದೆ. ಇಬ್ಬರಿಗೆ ಒಂದೊಂದು ದೋಸೆ, ಒಂದು ಬೈ ಟು ಕಾಫಿ. ಬೈ ಟು ಅಂದರೆ ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿ ಕೊಡುವುದು. ಬೆಂಗಳೂರಿನಲ್ಲಿ ಇದನ್ನು ಕೇಳಲು ಯಾರೂ ಸಂಕೋಚಪಡುವುದಿಲ್ಲ, ನೀವೂ ಪಡಬೇಡಿ.

ಕ್ಯೂ ದೊಡ್ಡದಾಗಿದ್ದು ಹೊತ್ತು ಇನ್ನೂ ಏಳಾಗಿಲ್ಲದಿದ್ದರೆ ಶಂಕರಪುರಂಗೆ ನಡೆಯಿರಿ. ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ನಡೆಯುತ್ತಿರುವ ಪುಟ್ಟ ಅಂಗಡಿ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ, ಅಷ್ಟೇ. ಸಾಂಬಾರ್ ಇಲ್ಲಿಯೂ ಇಲ್ಲ. ಚಟ್ನಿಗೆ ಮಾತ್ರ ಎಷ್ಟು ಸಲ ತಟ್ಟೆ ಚಾಚಿದರೂ ಹಾಕುತ್ತಾರೆ. ರಸ್ತೆ ಬದಿಯ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ತಿನ್ನುವುದು.

ವಯಸ್ಸಾದವರು ಜೊತೆಗಿದ್ದು ಕೂತು ತಿನ್ನಬೇಕೆಂದಿದ್ದರೆ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಸರಿ. 1924ರ ಹೋಟೆಲು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಿಂದ ಇಡ್ಲಿ ಮಾಡಿದ್ದು ಇಲ್ಲೇ. ಇಂದು ಊರೂರಿನಲ್ಲಿ ಸಿಗುವ ರವೆ ಇಡ್ಲಿಯ ತವರು ಇದು, ಪಕ್ಕದಲ್ಲೊಂದು ಪುಟ್ಟ ಬಟ್ಟಲಲ್ಲಿ ತುಪ್ಪ ಕೊಡುತ್ತಾರೆ.

ಮಲ್ಲೇಶ್ವರದ ಕಡೆ ಉಳಿದುಕೊಂಡವರು ಇಷ್ಟು ದೂರ ಬರಬೇಕಾಗಿಲ್ಲ. ಮಾರ್ಗೋಸಾ ರಸ್ತೆಯ ಸಿ.ಟಿ.ಆರ್.ನಲ್ಲಿ ಬೆಣ್ಣೆ ಮಸಾಲೆ, ಅದೇ ರಸ್ತೆಯ ಹದಿನೈದನೇ ಕ್ರಾಸಿನ ವೀಣಾ ಸ್ಟೋರ್ಸ್‌ನಲ್ಲಿ ಇಡ್ಲಿ, ಎಂಟನೇ ಕ್ರಾಸಿನ ಮಾರುಕಟ್ಟೆಯಲ್ಲಿ ಒಂದು ಸುತ್ತು. ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿಯಿರಿ.

ದಾರಿಯಲ್ಲಿ ಯಾವುದೇ ದರ್ಶಿನಿಗೆ ಹೊಕ್ಕರೆ ಕ್ರಮ ಇದು: ಮೊದಲು ಕ್ಯಾಶ್ ಕೌಂಟರಿನಲ್ಲಿ ದುಡ್ಡು ಕೊಟ್ಟು ಬಿಲ್ ತೆಗೆದುಕೊಳ್ಳಿ, ಆಮೇಲೆ ಅದನ್ನು ಅಡಿಗೆಯ ಕೌಂಟರಿಗೆ ಕೊಡಿ. ಕಾಫಿ, ಟೀಗೆ ಬೇರೆ ಕೌಂಟರ್. ಇಡ್ಲಿ ವಡೆ ಹೇಳಿದರೆ "ಡಿಪ್ಪಾ, ಬೇರೆನಾ?" ಎಂದು ಕೇಳುತ್ತಾರೆ. ಡಿಪ್ ಅಂದರೆ ಸಾಂಬಾರಿನಲ್ಲಿ ಮುಳುಗಿಸಿ ಕೊಡುವುದು. ನಿಂತು ತಿನ್ನುವ ಈ ಪದ್ಧತಿಯ ಮೊದಲ ಹೋಟೆಲು 1983ರಲ್ಲಿ ಜಯನಗರದಲ್ಲಿ ತೆರೆಯಿತು. ಆಮೇಲೆ ಊರಿನ ಸಂಜೆಯ ತಿಂಡಿಯ ಅಭ್ಯಾಸವನ್ನೇ ಅದು ಬದಲಿಸಿಬಿಟ್ಟಿತು.

ಏಳೂವರೆ: ತಿಂಡಿ ಬೀದಿ, ಇಲ್ಲವೇ ನಾಟಕ

ಇಲ್ಲಿ ದಾರಿ ಕವಲಾಗುತ್ತದೆ. ನಾಟಕ ಇಷ್ಟಪಡುವವರಾದರೆ ಜೆ.ಪಿ. ನಗರದ ರಂಗಶಂಕರಕ್ಕೆ ಹೋಗಿ. ಅರುಂಧತಿ ನಾಗ್ ಅವರ ಮುಂದಾಳ್ತನದಲ್ಲಿ 2004ರಲ್ಲಿ ತೆರೆದ ರಂಗಮಂದಿರ. ಸಂಜೆಯ ಆಟ ಸಾಮಾನ್ಯವಾಗಿ ಏಳೂವರೆಗೆ, ಬಾಗಿಲು ಹಾಕಿದ ಮೇಲೆ ಒಂದು ನಿಮಿಷ ತಡವಾದರೂ ಒಳಗೆ ಬಿಡುವುದಿಲ್ಲ. ಈ ಕಟ್ಟುನಿಟ್ಟು ನನಗೆ ಬಹಳ ಇಷ್ಟ, ನಟರಿಗೆ ಕೊಡಬೇಕಾದ ಮರ್ಯಾದೆ ಅದು. ಕನ್ನಡ ನಾಟಕ ಇರುವ ದಿನ ನೋಡಿಕೊಂಡು ಟಿಕೆಟ್ ಮೊದಲೇ ಮಾಡಿಸಿ. ನ್ಯಾಷನಲ್ ಕಾಲೇಜಿನಿಂದ ಹಸಿರು ಮಾರ್ಗದಲ್ಲಿ ಜೆ.ಪಿ. ನಗರ, ಅಲ್ಲಿಂದ ಆಟೋ. ಈ ದಾರಿ ಹಿಡಿದರೆ ದೋಸೆ ಐದೂವರೆಗೇ ಆಗಬೇಕು, ಲಾಲ್‌ಬಾಗ್ ಬಿಡಬೇಕು. ಎರಡೂ ಬೇಕೆಂದು ಓಡಾಡಿ ಬಾಗಿಲಲ್ಲಿ ನಿಂತವರನ್ನು ನೋಡಿದ್ದೇನೆ.

ಉಳಿದವರು ವಿ.ವಿ. ಪುರಂಗೆ. ಸಜ್ಜನ್ ರಾವ್ ವೃತ್ತದ ಬಳಿಯ ಈ ಬೀದಿಯ ಮೊದಲ ನಿಯಮ: ಏನೂ ತಿನ್ನದೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಬನ್ನಿ. ಮೊದಲ ಅಂಗಡಿಯಲ್ಲೇ ಹೊಟ್ಟೆ ತುಂಬಿಸಿಕೊಂಡರೆ ಕಡೆಯಲ್ಲಿ ಕಾವಲಿಯ ಮೇಲೆ ಉಬ್ಬುವ ಹೋಳಿಗೆ ನೋಡಿ ಕೊರಗಬೇಕಾಗುತ್ತದೆ. ಎರಡನೆಯದು, ಇಬ್ಬರೋ ಮೂವರೋ ಇದ್ದರೆ ಪ್ರತಿಯೊಂದನ್ನೂ ಒಂದೇ ತಟ್ಟೆ ಹೇಳಿ ಹಂಚಿಕೊಳ್ಳಿ. ಆಲೂಗಡ್ಡೆಯನ್ನು ಸುರುಳಿ ಕೊಯ್ದು ಕರಿದದ್ದು, ಚೀಸು ಸುರಿದದ್ದು ಇವೆಲ್ಲ ಎಲ್ಲ ಊರಿನಲ್ಲೂ ಸಿಗುತ್ತವೆ, ಬಿಟ್ಟುಬಿಡಿ. ತುಪ್ಪ ಹಾಕಿದ ಪಡ್ಡು, ಅಕ್ಕಿ ರೊಟ್ಟಿ, ಮೆಣಸಿನಕಾಯಿ ಬಜ್ಜಿ, ನಿಪ್ಪಟ್ಟಿನ ಮೇಲೆ ಈರುಳ್ಳಿ ಕ್ಯಾರೆಟ್ ತುರಿದು ಹಾಕಿದ ನಿಪ್ಪಟ್ಟು ಮಸಾಲ, ಬಿಸಿ ಹೋಳಿಗೆ ಮೇಲೊಂದು ಚಮಚ ತುಪ್ಪ, ಕಡೆಗೆ ಬೆಣ್ಣೆ ಗುಲ್ಕನ್. ಈ ಕ್ರಮದಲ್ಲೇ ತಿನ್ನಿ, ಸಿಹಿ ಮೊದಲು ತಿಂದರೆ ಖಾರದ ರುಚಿ ಹತ್ತುವುದಿಲ್ಲ. ಗುಲ್ಕನ್ ಎಂದರೆ ಸಕ್ಕರೆಯಲ್ಲಿ ಮಾಗಿಸಿದ ಗುಲಾಬಿ ಎಸಳು. ಇಲ್ಲಿ ಅದರ ಜೊತೆ ಬೆಣ್ಣೆ, ಹಣ್ಣು ಸೇರಿಸಿ ಕೊಡುತ್ತಾರೆ.

ಅವರೆಕಾಯಿ ಕಾಲದಲ್ಲಿ ಬಂದರೆ ಮಾತ್ರ ಈ ಪಟ್ಟಿ ಮರೆತು ಅವರೆಯದ್ದೇ ತಿನ್ನಿ. ಮಾಗಡಿ ಕಡೆಯ ಸೊಗಡಿನ ಅವರೆಗೆ ಬೇರೆಯದೇ ಘಮ. ರಾತ್ರಿ ನೆನೆಸಿಟ್ಟ ಕಾಳನ್ನು ಬೆಳಗ್ಗೆ ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಹಿಚುಕಿದರೆ ಬೇಳೆ ಪುಟಕ್ಕನೆ ಹೊರಗೆ ಜಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಅದೇ ಹಿತಕಿದ ಬೇಳೆ. ಒಂದು ಸೇರು ಹಿಚುಕುವಷ್ಟರಲ್ಲಿ ಬೆರಳ ತುದಿ ಸುಕ್ಕಾಗಿ, ಆ ಸೊಗಡು ಎರಡು ದಿನ ಕೈ ಬಿಡುವುದಿಲ್ಲ. ಅಷ್ಟು ಶ್ರಮದ ಬೇಳೆ ಹಾಕಿದ ದೋಸೆ, ಉಪ್ಪಿಟ್ಟು, ಸಾರು ಎಲ್ಲ ಈ ಕಾಲದಲ್ಲಿ ಸಿಗುತ್ತದೆ.

ಹೊರಡುವ ಮೊದಲು ವಿ.ಬಿ. ಬೇಕರಿಗೆ ಹೋಗಿ. 1953ರಿಂದ ಇರುವ ಅಂಗಡಿ. ಖಾರಾ ಬನ್ನು ಎರಡು, ಕಾಂಗ್ರೆಸ್ ಕಡಲೆಕಾಯಿ ಕಾಲು ಕಿಲೋ. ಎರಡು ಹೋಳಾದ ಕಡಲೆಬೀಜಕ್ಕೆ ಖಾರ, ಕರಿಬೇವು ಹಾಕಿ ಹುರಿದದ್ದು. ಈ ಹೆಸರಿನ ಹಿಂದೆ ಊರಿನವರು ಹೇಳುವ ಕತೆ ಹೀಗಿದೆ: 1969ರ ಜುಲೈನಲ್ಲಿ ಕಾಂಗ್ರೆಸ್ ಅಧಿವೇಶನ ನಡೆದದ್ದು ನೀವು ಸಂಜೆ ನೋಡಿ ಬಂದ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ. ಅದೇ ವರ್ಷ ಪಕ್ಷ ಎರಡಾಯಿತು, ಎರಡಾದ ಕಡಲೆಬೀಜಕ್ಕೂ ಅದೇ ಹೆಸರು ಬಿತ್ತು.

ಮಾಂಸದೂಟ ಬೇಕಾದವರಿಗೆ

ತಿಂಡಿ ಬೀದಿಯಲ್ಲಿ ಮಾಂಸ ಸಿಗುವುದಿಲ್ಲ. ಬೆಂಗಳೂರಿನ ಸ್ವಂತದ್ದೆಂದರೆ ಮಿಲಿಟರಿ ಹೋಟೆಲು, ಅದರ ದೊನ್ನೆ ಬಿರಿಯಾನಿ. ಉದ್ದಕ್ಕಿಯಲ್ಲ, ಪುಟ್ಟ ಜೀರಿಗೆ ಸಾಂಬಾ ಅಕ್ಕಿ. ಪುದೀನ, ಕೊತ್ತಂಬರಿ, ಹಸಿಮೆಣಸಿನ ಮಸಾಲೆಯಿಂದ ಹಸಿರು ಛಾಯೆ. ಒಣಗಿದ ಎಲೆಯ ದೊನ್ನೆಗೆ ಬಿಸಿ ತಾಕಿದಾಗ ಬರುವ ಘಮ ಅನ್ನಕ್ಕೂ ಹತ್ತುತ್ತದೆ. ಆದರೆ ಹೆಸರಾದ ಹಳೆಯ ಮಿಲಿಟರಿ ಹೋಟೆಲುಗಳು ಬಹುಪಾಲು ಮಧ್ಯಾಹ್ನದವು, ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿಗೆ ಹೋಗುವುದಾದರೆ ಹಗಲೇ ಹೋಗಿ. ರಾತ್ರಿಗೆ ನನ್ನ ಆಯ್ಕೆ ಶಿವಾಜಿನಗರ, ಅಲ್ಲಿನ ಕಬಾಬು, ಪರೋಟ. ಬಾಳೆಲೆಯ ಮೇಲೆ ಖಾರದ ಆಂಧ್ರ ಊಟ ಬೇಕೆಂದರೆ ರೆಸಿಡೆನ್ಸಿ ರಸ್ತೆಯ ನಾಗಾರ್ಜುನ.

ಒಂಬತ್ತು ಗಂಟೆ: ದಂಡಿನ ಕಡೆಗೆ

ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ಎಂ.ಜಿ. ರಸ್ತೆಯಲ್ಲಿ ಇಳಿಯಿರಿ. ಭಾನುವಾರವಾದರೆ ಮಧ್ಯೆ ವಿಧಾನಸೌಧ ನಿಲ್ದಾಣದಲ್ಲಿ ಹತ್ತು ನಿಮಿಷ ಇಳಿದು ದೀಪ ಹಚ್ಚಿದ ಕಟ್ಟಡವನ್ನು ರಸ್ತೆಯಿಂದಲೇ ನೋಡಿ. ತುಂಬ ತಡವಾದರೆ ದೀಪ ಆರಿಸಿರುತ್ತಾರೆ.

ಚರ್ಚ್ ಸ್ಟ್ರೀಟು ಎಂ.ಜಿ. ರಸ್ತೆಯ ಬೆನ್ನಿಗೇ ಇದೆ, ಐದು ನಿಮಿಷದ ನಡಿಗೆ. ಮೊದಲ ಕೆಲಸ ಪುಸ್ತಕದ ಅಂಗಡಿ. ಬ್ಲಾಸಮ್ಸ್, ಬುಕ್‌ವರ್ಮ್ ಎರಡೂ ಇಲ್ಲೇ, ಹಳೆಯ ಪುಸ್ತಕಗಳು ಅರ್ಧ ಬೆಲೆಗೆ ಸಿಗುತ್ತವೆ. ಅವು ಮುಚ್ಚುವ ಮೊದಲು ಅರ್ಧ ಗಂಟೆ ಸಿಕ್ಕರೂ ಸಾಕು, ತಿಂದದ್ದು ಕರಗುತ್ತದೆ.

ಕುಡಿಯುವವರಿಗೆ ಈ ಬೀದಿಗೊಂದು ಚರಿತ್ರೆ ಇದೆ. ಎಂಬತ್ತರ ದಶಕದ ಕೊನೆಗೆ ಬೆಂಗಳೂರಿಗೆ ಪಬ್ಬುಗಳ ಊರೆಂಬ ಹೆಸರು ಬಂದದ್ದು ಇಲ್ಲಿಂದಲೇ. ರೆಸ್ಟ್ ಹೌಸ್ ರಸ್ತೆಯ ಪೆಕೋಸ್ 1989ರದ್ದು: ಇಕ್ಕಟ್ಟಾದ ಮೆಟ್ಟಿಲು, ಹಳೆಯ ರಾಕ್ ಸಂಗೀತ, ಜಗ್ಗಿನಲ್ಲಿ ಬರುವ ಬಿಯರ್. ಮಾತಾಡಲು ಬಂದವರಿಗೆ ಅದು ಸರಿ. ಅಲ್ಲೇ ತಯಾರಿಸಿದ ಬಿಯರ್ ಕುಡಿಯಬೇಕೆಂದರೆ ಇಂದಿರಾನಗರದ ನೂರಡಿ ರಸ್ತೆಗೆ ಹೋಗಿ. 2010ರಲ್ಲಿ ಶುರುವಾದ ಟಾಯ್ಟ್ ಅಲ್ಲಿದೆ. ಅಂಥ ಕಡೆ ಕೂತ ಕೂಡಲೇ ದೊಡ್ಡ ಲೋಟ ಹೇಳಬೇಡಿ. ಸಣ್ಣ ಸಣ್ಣ ಲೋಟಗಳಲ್ಲಿ ನಾಲ್ಕೈದು ಬಗೆ ರುಚಿಗೆ ಕೊಡುತ್ತಾರೆ, ಅದನ್ನು ನೋಡಿ ಹಿಡಿಸಿದ್ದನ್ನು ಆರಿಸಿ. ಮೊದಲ ಸಲದವರಿಗೆ ಗೋಧಿಯ ಬಿಯರ್ ಹಗುರ.

ಬಾಗಿಲಲ್ಲೇ ನಾಲ್ಕು ವಿಷಯ ಕೇಳಿಕೊಳ್ಳಿ. 21 ತುಂಬಿದ್ದಕ್ಕೆ ಗುರುತಿನ ಚೀಟಿ ಬೇಕಾ? ಗಂಡಸರಷ್ಟೇ ಬಂದರೆ ಬಿಡುತ್ತೀರಾ? ಒಳಗೆ ಬರಲು ಕವರ್ ಚಾರ್ಜ್ ಎಷ್ಟು, ಅದು ಬಿಲ್ಲಿನಲ್ಲಿ ಕಳೆಯುತ್ತದಾ? ಕೊನೆಯ ಆರ್ಡರ್ ಎಷ್ಟು ಹೊತ್ತಿಗೆ? ಹೋದ ವರ್ಷ ಗೆಳೆಯರೊಂದಿಗೆ ಒಂದು ಕಡೆ ಇದನ್ನು ಕೇಳದೆ ಕೂತೆವು. ಬಿಲ್ಲು ಬಂದಾಗ ತಲೆಗಿಷ್ಟು ಎಂದು ಕವರ್ ಚಾರ್ಜ್, ಅದರ ಮೇಲೆ ಶೇ 10 ಸೇವಾ ಶುಲ್ಕ. ಸೇವಾ ಶುಲ್ಕ ಕಡ್ಡಾಯವಲ್ಲ. ಬಿಲ್ಲಿಗೆ ತಾವೇ ಅದನ್ನು ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಸಮಾಧಾನವಾಗಿ ಹೇಳಿದೆವು, ಮ್ಯಾನೇಜರ್ ಬಂದು ತೆಗೆದುಹಾಕಿದರು. ಕವರ್ ಚಾರ್ಜ್ ಮಾತ್ರ ಕೊಡಲೇಬೇಕಾಯಿತು. ಒಳ್ಳೆಯ ಕೆಲಸ ಮಾಡಿದ ಹುಡುಗನಿಗೆ ಟಿಪ್ಸನ್ನು ಕೈಗೇ ಕೊಡಿ.

ಕುಡಿಯದವರಿಗೆ ರಾತ್ರಿ ಮುಗಿಯಿತೆಂದಲ್ಲ. ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್‌ನಲ್ಲಿ ಒಂದು ಕಾಫಿ ಹೇಳಿ ಒಂದು ಗಂಟೆ ಕೂತರೂ ಯಾರೂ ಏಳಿಸುವುದಿಲ್ಲ. ಪತ್ರಕರ್ತರು, ಕಲಾವಿದರು, ವಕೀಲರು ದಶಕಗಳಿಂದ ಹಾಗೆಯೇ ಕೂತಿದ್ದಾರೆ. ಐಸ್‌ಕ್ರೀಮಿಗೆ ಕಾರ್ನರ್ ಹೌಸ್, ಊರಿನದ್ದೇ ಅಂಗಡಿ, 1982ರಿಂದ. ಅಲ್ಲಿ ಡಿಬಿಸಿ, ಅಂದರೆ ಡೆತ್ ಬೈ ಚಾಕೊಲೇಟ್, ಎಲ್ಲರಿಗೂ ಗೊತ್ತು: ಕೇಕು, ಐಸ್‌ಕ್ರೀಮು, ಕಡಲೆಬೀಜ, ಮೇಲೆ ಬಿಸಿ ಚಾಕೊಲೇಟು. ಒಂದನ್ನು ಮೂವರು ತಿನ್ನಬಹುದು.

ಹನ್ನೊಂದರ ನಂತರ

ಮೆಟ್ರೋ ಹಿಡಿಯುವುದೋ ಉಳಿಯುವುದೋ ಹತ್ತೂವರೆಗೇ ತೀರ್ಮಾನಿಸಿ. ಉಳಿದರೆ ಚರ್ಚ್ ಸ್ಟ್ರೀಟಿನ ಎಂಪೈರ್‌ನಲ್ಲಿ ತಡರಾತ್ರಿಯವರೆಗೂ ತುಪ್ಪದನ್ನ, ಕಬಾಬು ಸಿಗುತ್ತದೆ. ಪಾಳಿ ಮುಗಿಸಿದವರು, ಪಬ್ಬು ಮುಗಿಸಿದವರು, ರೈಲಿಳಿದು ಬಂದವರು ಎಲ್ಲ ಒಂದೇ ಸಾಲಿನಲ್ಲಿ ಕೂತಿರುತ್ತಾರೆ.

ಕುಡಿದು ಗಾಡಿ ಮುಟ್ಟಲೇಬೇಡಿ. ವಾರಾಂತ್ಯದಲ್ಲಿ ಪೊಲೀಸರು ಊದಿಸಿ ನೋಡುತ್ತಾರೆ, ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಜೈಲೂ ಆಗಬಹುದು. ದಂಡಕ್ಕಿಂತ ದೊಡ್ಡದು ರಸ್ತೆಯಲ್ಲಿರುವ ಇನ್ನೊಬ್ಬರ ಜೀವ. ಒಬ್ಬರೇ ಹೆಣ್ಣುಮಕ್ಕಳಿದ್ದರೆ ಕ್ಯಾಬು ಬರುವವರೆಗೂ ಹೋಟೆಲಿನ ಒಳಗೇ ಕಾಯಿರಿ, ಗಾಡಿ ನಂಬರ್ ನೋಡಿ ಹತ್ತಿ, ಪ್ರಯಾಣದ ಕೊಂಡಿಯನ್ನು ಮನೆಯವರಿಗೆ ಕಳಿಸಿ. ತುರ್ತಿಗೆ 112. ವಿಮಾನಕ್ಕೆ ಹೋಗುವವರಿಗೆ ವಾಯು ವಜ್ರ ಬಸ್ಸು ರಾತ್ರಿಯೂ ಇರುತ್ತದೆ.

ಶನಿವಾರ ರಾತ್ರಿಯಾಗಿದ್ದು ಇನ್ನೂ ಹುಮ್ಮಸ್ಸಿದ್ದರೆ ಎರಡು ದಾರಿ. ಒಂದು, ಕೋಲಾರದ ಹೆದ್ದಾರಿಯ ಹೊಸಕೋಟೆಯಲ್ಲಿ ಭಾನುವಾರ ನಸುಕಿನ ಬಿರಿಯಾನಿ. ಬೆಳಕು ಹರಿಯುವ ಮೊದಲೇ ಅಲ್ಲಿ ಕಾರುಗಳ ಸಾಲು. ಇನ್ನೊಂದು, ಕೆ.ಆರ್. ಮಾರುಕಟ್ಟೆ. ನಾಲ್ಕು ಗಂಟೆಗೆ ಚೆಂಡುಹೂವು, ಸೇವಂತಿಗೆ ಮೂಟೆಗಳು ಇಳಿಯುತ್ತವೆ, ಹಿಂದಿನ ಸಂಜೆ ಗಾಂಧಿ ಬಜಾರಿನಲ್ಲಿ ಮೊಳದಲ್ಲಿ ಅಳೆದದ್ದನ್ನು ಇಲ್ಲಿ ಕಿಲೋದಲ್ಲಿ ತೂಗುತ್ತಾರೆ. ಮೂಟೆ ಹೊತ್ತವರು ಓಡುವ ದಾರಿಗೆ ಅಡ್ಡ ನಿಲ್ಲಬೇಡಿ, ನೆಲ ಒದ್ದೆಯಿರುತ್ತದೆ, ಗಟ್ಟಿ ಚಪ್ಪಲಿ ಹಾಕಿಕೊಳ್ಳಿ.

ನಮ್ಮ ತಮ್ಮನಿಗೆ ಅದೇ ರಾತ್ರಿ ಹುಬ್ಬಳ್ಳಿ ಕಡೆಯ ಬಸ್ಸಿತ್ತು, ಆದ್ದರಿಂದ ಕೋಶೀಸ್‌ನ ಕಾಫಿಗೇ ಮುಗಿಸಿ ಮೆಜೆಸ್ಟಿಕ್ಕಿಗೆ ಹೋದೆವು. ಖಾರಾ ಬನ್ನು ಬಸ್ಸಿಗೆ, ಕಾಂಗ್ರೆಸ್ ಕಡಲೆಕಾಯಿ ಚಿಕ್ಕಮ್ಮನಿಗೆ. ಬೆಳಗ್ಗೆ ಚಿಕ್ಕಮ್ಮನ ಫೋನು: "ಪೊಟ್ಣ ಅರ್ಧಾ ಖಾಲಿ ಅದ ನೋಡಪಾ. ಮುಂದಿನ ಸಲ ಅರ್ಧ ಕಿಲೋ ಕಟ್ಟಿ ಕಳಸು."